ಸ್ರೆತೆನ್ ಗಾಡಿ ಎತ್ತಿಸಿದ ಪ್ರಸಂಗ

ಸ್ರೆತೆನ್ ತನ್ನ ನೀವಾ ಅನ್ನುವ ಪುಟ್ಟ ಕಾರನ್ನು ನಾಲ್ಕು ಬೆರಳು ಎತ್ತರ ಮಾಡಿಸಿದ್ದಕ್ಕೆ ನಮ್ಮ ತೊಪೊಲಿಕ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿತು ಅಂದರೆ ಪೇಟೆಯವರು ನಗುತ್ತಾರೆ. ನಗಲಿ. ಅವರಿಗೆ ನಮ್ಮ ಹೊಳೆಯೂ ಗೊತ್ತಿಲ್ಲ, ಸ್ರೆತೆನ್ನೂ ಗೊತ್ತಿಲ್ಲ. ಸೇತುವೆಯ ಪಕ್ಕ ಕಾಫಿ ಅಂಗಡಿ ಇಟ್ಟುಕೊಂಡಿರುವ ನನಗೆ ಎರಡೂ ದಿನಾ ಕಣ್ಣೆದುರಿಗೇ ಹರಿಯುತ್ತವೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವ ಹಕ್ಕು ನನಗಿದೆ. ಎಲ್ಲೋ ಒಂದಿಷ್ಟು ಉಪ್ಪುಖಾರ ಜಾಸ್ತಿ ಬಿದ್ದರೆ ಅದು ಅಂಗಡಿಯವನ ಕೈಗುಣ ಅಂದುಕೊಳ್ಳಿ.

ಸ್ರೆತೆನ್ ನಮ್ಮೂರಿನ ನೀರಳೆಯುವವನು. ಸೇತುವೆಯ ಕಂಬಕ್ಕೆ ಗೆರೆ ಎಳೆದ ಒಂದು ಪಟ್ಟಿ ಬಡಿದಿದ್ದಾರೆ. ದಿನಾ ಬೆಳಿಗ್ಗೆ ಅದರ ಎದುರು ನಿಂತು, ಮುತ್ನಿತ್ಸಾ ಹೊಳೆ ಎಷ್ಟನೇ ಗೆರೆಯಲ್ಲಿದೆ ಅಂತ ನೋಡಿ, ಪೇಟೆಯ ನೀರಿನ ಕಚೇರಿಗೆ ಫೋನ್ ಮಾಡುವುದು ಅವನ ಉದ್ಯೋಗ. ಆ ಕಡೆ ಫೋನ್ ಎತ್ತುವುದು ಮನುಷ್ಯನಲ್ಲ, ಮಾತು ಹಿಡಿದಿಟ್ಟುಕೊಳ್ಳುವ ಯಂತ್ರ. ಸ್ರೆತೆನ್ ಅದಕ್ಕೂ ನಮಸ್ಕಾರ ಹೇಳಿ, ನೀರಿನ ಮಟ್ಟ ಒಪ್ಪಿಸಿ, "ಮನೇಲಿ ಎಲ್ಲಾ ಆರಾಮಾ?" ಅಂತ ವಿಚಾರಿಸಿಯೇ ಇಡುತ್ತಿದ್ದ. ಅಂಥ ಸಾಧು.

ಆಳು ಸ್ವಲ್ಪ ಗಿಡ್ಡ. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ. ದೇವರು ಕೊಟ್ಟದ್ದು ಇಷ್ಟು ಅಂತ ಅವನು ಅದರ ಬಗ್ಗೆ ತಲೆ ಕೆಡಿಸಿಕೊಂಡವನಲ್ಲ. ತಲೆ ಕೆಡಿಸಿದವನು ಅವನ ಷಡ್ಡಕ ಚೆದೊಮಿರ್. ಚೆದೊಮಿರ್ ಅಂದರೆ ಸ್ರೆತೆನ್‌ನ ಹೆಂಡತಿ ಸ್ಮಿಲ್ಯಾಳ ತಂಗಿಯ ಗಂಡ. ವಿಯೆನ್ನಾದಲ್ಲಿ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿ ಹಾಕಿ ದುಡ್ಡು ಮಾಡಿ, ಒಂದು ಕರೀ ಜೀಪು ತಗೊಂಡಿದ್ದಾನೆ. ಬಾಗಿಲು ತೆಗೆದರೆ ಹತ್ತುವುದಕ್ಕೆ ಮೆಟ್ಟಿಲು ತಾನಾಗಿ ಹೊರಗೆ ಬರುತ್ತದೆ. ಇಳಿದ ಮೇಲೂ ಅವನು ಎರಡು ಸಲ ಬಾಗಿಲು ತೆಗೆದು ಮುಚ್ಚಿ, ಎಲ್ಲರೂ ಮೆಟ್ಟಿಲು ನೋಡಿದರು ಅಂತ ಖಾತ್ರಿ ಮಾಡಿಕೊಂಡು ಒಳಗೆ ಬರುತ್ತಾನೆ.

ಹೋದ ವರ್ಷ ಅವನ ಮಗನ ಮದುವೆಯಾಯಿತು. ಆಮೇಲೆ ಅವರ ಕುಲದ ಸಂತನ ಹಬ್ಬದ ದಿನ ನೆಂಟರಿಷ್ಟರನ್ನೆಲ್ಲ ಕೂರಿಸಿ ಮದುವೆಯ ವಿಡಿಯೊ ಹಾಕಿದ. ದಿಬ್ಬಣದ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿವೆ, ಪ್ರತಿ ಗಾಜಿನ ಹಿಂದೆ ಒಂದೊಂದು ಹಲ್ಲು ಕಿರಿದ ಮುಖ. ಸ್ರೆತೆನ್‌ನ ನೀವಾ ಬಂತು. ಗಾಜಿನ ಹಿಂದೆ ಸ್ಟೀರಿಂಗು, ಎರಡು ಕೈ, ಒಂದು ಟೋಪಿಯ ನೆತ್ತಿ. ಅಷ್ಟೇ.

"ಅಯ್ಯೋ ನೋಡ್ರೋ!" ಅಂತ ಚೆದೊಮಿರ್ ಕೂಗಿದ. "ನಮ್ಮ ಸ್ರೆತೆನ್ ಗಾಡಿ ಡ್ರೈವರ್ ಇಲ್ದೇನೇ ಬರ್ತಿದೆ! ಜರ್ಮನ್ನೋರ ಕೈಲೂ ಇದು ಇನ್ನೂ ಆಗಿಲ್ಲ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವಳು ಸ್ಮಿಲ್ಯಾ ಒಬ್ಬಳೇ, ಅದೂ ಅವಳು ಅಡುಗೆಮನೆಯಲ್ಲಿ ಇದ್ದುದರಿಂದ. ಸ್ರೆತೆನ್ ಕೂಡ ನಕ್ಕ. ಆದರೆ ಆ ಮಾತು ಅವನ ಎದೆಯೊಳಗೆ ಮುಳ್ಳಿನ ಹಾಗೆ ಉಳಿಯಿತು.

ಈಗ ಈ ಬೇಸಿಗೆಯ ಕೊನೆಗೆ ಅವನ ಒಬ್ಬಳೇ ಮಗಳು ನೆವೆನಾಳ ಮದುವೆ. ಗಂಡು ಮೇಲಿನ ಬುಕೊವಿಕ್ ಊರಿನವನು. ಹೊಳೆಯ ಪಕ್ಕದ ಹುಲ್ಲುಗಾವಲಿನಲ್ಲಿ ಚಪ್ಪರ, ಶನಿವಾರ ಮುಹೂರ್ತ. ಹುಡುಗಿ ಹಟ ಹಿಡಿದಿದ್ದಳು: "ನಾನು ಚರ್ಚಿಗೆ ಹೋಗೋದು ಅಪ್ಪನ ನೀವಾದಲ್ಲೇ. ಅಪ್ಪನೇ ಓಡಿಸ್ಬೇಕು. ನಮ್ಮ ಗಾಡೀನೇ ಎಲ್ಲರಿಗಿಂತ ಮುಂದೆ ಇರ್ಬೇಕು." ಎಲ್ಲರಿಗಿಂತ ಮುಂದೆ ಅಂದರೆ ವಿಡಿಯೊದವನ ಮೂಗಿನ ಎದುರಿಗೇ. ಸ್ರೆತೆನ್ ಯೋಚಿಸಿದ: ಗಾಡಿ ಎತ್ತರವಾದರೆ ಒಳಗೆ ಕೂತವನೂ ಎತ್ತರವಾಗುತ್ತಾನೆ. ಈ ಯೋಚನೆಯನ್ನು ಅವನು ಹೆಂಡತಿಯ ಮುಂದೂ ಹೇಳಲಿಲ್ಲ. ಹೇಳಿದ್ದರೆ ಅವಳು ಅಲ್ಲೇ ಮುಗಿಸಿಬಿಡುತ್ತಿದ್ದಳು. ನನಗೆ ಹೇಳುವುದಕ್ಕೆ ಕಥೆಯೇ ಉಳಿಯುತ್ತಿರಲಿಲ್ಲ.

ಗ್ವೊಜ್ದೆನ್ ಮೇಸ್ತ್ರಿಯ ಶೆಡ್ಡು ಇರುವುದು ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ. ಯಾವ ಗಾಡಿ ಬಂದರೂ ಮೇಸ್ತ್ರಿ ಮೊದಲು ಒಂದು ಪ್ರದಕ್ಷಿಣೆ ಹಾಕುತ್ತಾನೆ, ಬಗ್ಗಿ ಕೆಳಗೆ ನೋಡುತ್ತಾನೆ, ಲೊಚಗುಟ್ಟುತ್ತಾನೆ, ಆಮೇಲೆ ಕೇಳುತ್ತಾನೆ: "ಇದನ್ನ ರಿಪೇರಿ ಮಾಡಿದ ಕತ್ತೆ ಯಾವನು?"

"ನೀನೇ ಮೇಸ್ತ್ರಿ," ಅಂದ ಸ್ರೆತೆನ್.

"ಹಾಗಾದ್ರೆ ನೀನು ತಂದ ಸಾಮಾನು ಸರಿ ಇರ್ಲಿಲ್ಲ. ಈಗೇನಾಗ್ಬೇಕು?"

"ಎತ್ತರ ಆಗ್ಬೇಕು."

ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೇಗ ನೋಡಿ ಮುಗಿಯಿತು. "ಗಾಡಿ ತಾನೇ?" ಅಂತ ಕೇಳಿದ.

ನೀವಾಕ್ಕೆ ನಾಲ್ಕು ಮೂಲೆಗೂ ಸುರುಳಿ ಸ್ಪ್ರಿಂಗು. ಒಂದೊಂದರ ತಲೆಗೂ ಒಂದು ದಪ್ಪ ಬಳೆ ಇಟ್ಟು ಕೂರಿಸಿದರೆ ಗಾಡಿಯ ಮೈ ಅಷ್ಟು ಮೇಲೇಳುತ್ತದೆ. ಹೇಳುವುದು ಸುಲಭ. ಆದರೆ ಸ್ಪ್ರಿಂಗನ್ನು ಹೊರಗೆ ತೆಗೆಯಬೇಕಾದರೆ ಮೊದಲು ಅದನ್ನು ಅದುಮಿ ಹಿಡಿಯಬೇಕು. ಅದುಮಿಟ್ಟ ಸ್ಪ್ರಿಂಗು ಸಿಟ್ಟು ನುಂಗಿಕೊಂಡ ಅತ್ತೆಯ ಹಾಗೆ, ಯಾವ ಗಳಿಗೆಯಲ್ಲಿ ಸಿಡಿಯುತ್ತದೋ ಯಾರಿಗೂ ಗೊತ್ತಿಲ್ಲ. ಅದಕ್ಕಂತಲೇ ಒಂದು ಉಪಕರಣ ಪೇಟೆಯಲ್ಲಿ ಸಿಗುತ್ತದೆ. "ಅದೆಲ್ಲ ಕೆಲ್ಸ ಬರ್ದೇ ಇರೋರಿಗೆ," ಅಂದ ಮೇಸ್ತ್ರಿ, ತನ್ನ ನಾಯಿಯ ಸರಪಳಿ ಬಿಚ್ಚಿ ತಂದು ಸ್ಪ್ರಿಂಗಿಗೆ ಸುತ್ತಿದ.

"ಸ್ರೆತೆನ್, ಆ ಕಡೆ ನಿಲ್ಬೇಡ."

"ಯಾವ ಕಡೆ?"

"ಅದು ಇನ್ನೂ ಗೊತ್ತಿಲ್ಲ."

ಗೊತ್ತಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಠಣ್ ಅಂತ ಒಂದು ಸದ್ದು. ಸರಪಳಿ ಒಂದು ದಿಕ್ಕಿಗೆ, ಮೇಸ್ತ್ರಿ ಇನ್ನೊಂದು ದಿಕ್ಕಿಗೆ, ಸ್ಪ್ರಿಂಗು ಗೋಡೆಯ ಮೇಲಿಂದ ಪಕ್ಕದ ಅಂಗಳಕ್ಕೆ. ಪಕ್ಕದ ಅಂಗಳ ಸ್ತಾಮೆನಾ ಅಜ್ಜಿಯದು. ಚಳಿಗಾಲಕ್ಕೆ ಬೇಕಾದ ಕೆಂಪು ಮೆಣಸಿನಕಾಯಿಯ ಅಜ್ವರ್ ಚಟ್ನಿ ಬೆಳಗಿನಿಂದ ದೊಡ್ಡ ಹಂಡೆಯಲ್ಲಿ ಕುದಿಯುತ್ತಿತ್ತು. ನಮ್ಮೂರಲ್ಲಿ ಆಗಸ್ಟ್ ಕಳೆಯುವ ಹೊತ್ತಿಗೆ ಯಾವ ಅಂಗಳಕ್ಕೆ ಏನು ಎಸೆದರೂ ಅದು ಅಜ್ವರ್ ಹಂಡೆಗೇ ಬೀಳುತ್ತದೆ.

ಅಜ್ಜಿ ತಲೆಯಿಂದ ಕಾಲಿನವರೆಗೆ ಕೆಂಪಾಗಿ, ಇಕ್ಕಳದಲ್ಲಿ ಸ್ಪ್ರಿಂಗು ಹಿಡಿದುಕೊಂಡು ಬಂದಳು.

"ಯಾರದ್ದೋ ಇದು?"

"ಅಜ್ಜಿ, ಬಿಸಿ ಇದೆಯಾ ಅದು?" ಮೇಸ್ತ್ರಿ ಗಾಬರಿಯಾದ. "ಕುದಿಸಿದ್ರೆ ಸ್ಪ್ರಿಂಗಿನ ಗಡಸು ಹೋಗುತ್ತೆ!"

"ನಿನ್ನ ಗಡಸು ತೆಗೀತೀನಿ ಇರು. ವರ್ಷದ ಚಟ್ನಿ ನನ್ನ ಮೈಮೇಲಿದೆ. ಸ್ರೆತೆನ್, ಮನೆಯಿಂದ ಸೇತುವೆಗೆ, ಸೇತುವೆಯಿಂದ ಮನೆಗೆ. ಇದು ಬಿಟ್ಟು ಇನ್ನೊಂದು ಹಾದಿ ಕಂಡಿಲ್ಲ ನೀನು. ನಿನಗ್ಯಾಕಪ್ಪಾ ಎತ್ತರದ ಗಾಡಿ?"

ಸ್ರೆತೆನ್ ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಸ್ತಾಮೆನಾ ಅಜ್ಜಿಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಮುಟ್ಟುತ್ತದೆ. ಟೋಪಿಯ ನೆತ್ತಿಯ ಕಥೆ ತನ್ನೂರಿನಲ್ಲೂ ಹಬ್ಬುವುದು ಅವನಿಗೆ ಬೇಡವಾಗಿತ್ತು.

"ಯಾಕೆ ಅಂತ ಈಗ ಹೇಳೋ ಹಾಗಿಲ್ಲ ಅಜ್ಜಿ. ಮದುವೆ ದಿನ ಎಲ್ಲರಿಗೂ ಗೊತ್ತಾಗುತ್ತೆ."

ಅಜ್ಜಿ ಇಕ್ಕಳ ಕೆಳಗಿಟ್ಟಳು. "ಹೇಳೋ ಹಾಗಿಲ್ವಾ? ಹೇಳ್ಬೇಡ ಅಂದೋರು ಯಾರು? ಕಚೇರಿಯೋರಾ?"

"ಯಾರೂ ಅಂದಿಲ್ಲ ಅಜ್ಜಿ, ದಮ್ಮಯ್ಯ," ಅಂದ ಸ್ರೆತೆನ್. ಅವನ ಗ್ರಹಚಾರಕ್ಕೆ, ಹಾಗೆ ಅನ್ನುವಾಗ ಮುಖ ತಪ್ಪಿಸಲು ಹೊಳೆಯ ಕಡೆಗೆ ತಿರುಗಿದ.

ಅಜ್ಜಿಯೂ ಹೊಳೆಯ ಕಡೆ ನೋಡಿದಳು. ಆಮೇಲೆ ಗಾಡಿಯ ಕಡೆ. ಚಟ್ನಿಯ ಮಾತೆತ್ತದೆ ಸರಸರನೆ ಹೊರಟುಹೋದಳು. ಅವಳು ಜಗಳ ಮುಗಿಸದೆ ಹೋದದ್ದು ಅದೇ ಮೊದಲು. ಅಷ್ಟರಲ್ಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು.

ಗಾಡಿಯೇನೋ ಎತ್ತರವಾಯಿತು. ಆದರೆ ಹಿಂದಿನ ಅಚ್ಚನ್ನು ಅಡ್ಡಲಾಗಿ ಹಿಡಿದಿರುವ ಒಂದು ಸರಳಿದೆ. ಮೈ ಮೇಲೆದ್ದಾಗ ಅದು ಅಚ್ಚನ್ನು ಒಂದು ಪಕ್ಕಕ್ಕೆ ಎಳೆದುಕೊಂಡಿತು. ಹೀಗಾಗಿ ಗಾಡಿ ಬೀದಿನಾಯಿಯ ಹಾಗೆ ಸೊಟ್ಟಗೆ ಓಡತೊಡಗಿತು: ಮೂತಿ ಸೇತುವೆಯ ಕಡೆಗೆ, ಹಿಂಭಾಗ ಬೇಕರಿಯ ಕಡೆಗೆ. "ಒಂದು ವಾರ ಓಡ್ಸು, ಅಭ್ಯಾಸ ಆಗುತ್ತೆ," ಅಂದ ಮೇಸ್ತ್ರಿ. ಗಾಡಿಗೋ ಸ್ರೆತೆನ್‌ಗೋ ಅಂತ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಈಗ ಸ್ರೆತೆನ್‌ಗೆ ತನ್ನ ಗಾಡಿ ತಾನೇ ಹತ್ತಲು ಆಗುತ್ತಿರಲಿಲ್ಲ. ನನ್ನ ಹತ್ತಿರ ಒಂದು ಖಾಲಿ ಬಿಯರ್ ಕ್ರೇಟು ಕೇಳಿ ತಗೊಂಡ. ಅದನ್ನು ಬಾಗಿಲ ಕೆಳಗೆ ಬೋರಲು ಹಾಕಿ, ಹತ್ತಿ ಕೂತು, ಅದಕ್ಕೆ ಕಟ್ಟಿದ ಹಗ್ಗ ಎಳೆದು ಕ್ರೇಟನ್ನೂ ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಅಂಗಡಿಯಲ್ಲಿ ಕೂತ ಜನ ಕಾಫಿ ಲೋಟ ಕೆಳಗಿಡದೆ ಇದನ್ನೆಲ್ಲ ನೋಡುತ್ತಿದ್ದರು.

"ನೀರಳೆಯೋನು ಗಾಡಿ ಎತ್ತಿಸ್ತಾನೆ ಅಂದ್ರೆ ಸುಮ್ನೇನಾ?" ಅಂದ ಪೋಸ್ಟ್‌ಮನ್. "ಯಾಕೆ ಅಂತ ಕೇಳಿದ್ರೆ ಹೇಳೋ ಹಾಗಿಲ್ಲ ಅಂದನಂತೆ."

"ಮದುವೆ ದಿನ ಗೊತ್ತಾಗುತ್ತೆ ಅಂದನಂತಲ್ಲ," ಬೇಕರಿಯವಳು ದನಿ ಇಳಿಸಿದಳು. "ಶನಿವಾರಕ್ಕೇ ಬರುತ್ತೆ ಅಂತ ಲೆಕ್ಕ."

"ಏನು ಬರುತ್ತೆ?" ಅಂತ ಕೇಳಿದೆ ನಾನು.

"ನೀರು! ಇನ್ನೇನು?"

"ಅಮ್ಮಾ, ಹೊಳೇಲಿ ಕೋಳಿ ಇಳಿದ್ರೆ ಕಾಲು ನೆನೆಯಲ್ಲ."

ಪೋಸ್ಟ್‌ಮನ್ ನನ್ನನ್ನು ಕನಿಕರದಿಂದ ನೋಡಿದ. "ಟಗರು ಹಿಂದಕ್ಕೆ ಸರಿಯೋದು ಯಾಕಯ್ಯಾ?"

"ಕ್ರೇಟು ನೋಡಿದ್ರಾ?" ಅಂತ ಮೂಲೆಯಿಂದ ಯಾರೋ ಅಂದರು. "ಹಗ್ಗ ಬೇರೆ ಕಟ್ಕೊಂಡಿದಾನೆ. ತೇಲೋದಕ್ಕೆ."

ನಾನು ಇದನ್ನೆಲ್ಲ ನಂಬುವವನಲ್ಲ. ಯಾತಕ್ಕೂ ಇರಲಿ ಅಂತ ಸಕ್ಕರೆ ಚೀಲವನ್ನೂ ಒಳ್ಳೆಯ ರಾಕಿಯಾ ಸಾರಾಯಿಯ ಬಾಟಲಿಗಳನ್ನೂ ಅಟ್ಟಕ್ಕೆ ಸಾಗಿಸಿದೆ, ಅಷ್ಟೇ. ಜನ ಅದನ್ನು ನೋಡಿದರು. ಕಾಫಿ ಅಂಗಡಿಯವನೇ ಸಾಗಿಸಿದ ಮೇಲೆ ವಿಷಯ ಖಚಿತ ಅಂದುಕೊಂಡರು. ಆ ಮೇಲಿನದ್ದಕ್ಕೆಲ್ಲ ನಾನು ಹೊಣೆಯಲ್ಲ.

ಅರ್ಧ ಊರು ನೀರಿನ ಕಚೇರಿಗೆ ಫೋನ್ ಮಾಡಿತು. ಯಂತ್ರದ ಹೊಟ್ಟೆ ತುಂಬಿ ಅದು ಬಾಯಿ ಮುಚ್ಚಿಕೊಂಡಿತು. ಮರುದಿನ ಕಚೇರಿಯಿಂದ ಇಂಜಿನಿಯರ್ ಲಾಲಿಚ್ ಖುದ್ದಾಗಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೂಗುವ ಮೈಕು. ಸ್ರೆತೆನ್‌ನನ್ನು ಸೇತುವೆಯ ಮೇಲೆ ನಿಲ್ಲಿಸಿಕೊಂಡರು.

"ಏನಯ್ಯಾ ಇದು? ಏನು ಹೇಳಿದೀಯ ಜನಕ್ಕೆ?"

"ನಾನೇನೂ ಹೇಳಿಲ್ಲ ಸಾರ್."

"ಅದೇ ತಪ್ಪು! ಏನಾದ್ರೂ ಹೇಳ್ಬೇಕಿತ್ತು!"

ಆಮೇಲೆ ನನ್ನ ಅಂಗಡಿಯ ಬಾಗಿಲಿಗೆ ಮೊಹರು ಒತ್ತಿದ ಪ್ರಕಟಣೆ ಅಂಟಿಸಿದರು: "ಮುತ್ನಿತ್ಸಾ ನದಿಯಲ್ಲಿ ಪ್ರವಾಹದ ಯಾವುದೇ ಅಪಾಯವಿಲ್ಲ. ನಾಗರಿಕರು ಶಾಂತರಾಗಿರಬೇಕು."

ಸ್ತಾಮೆನಾ ಅಜ್ಜಿಗೆ ಕನ್ನಡಕ ಇರಲಿಲ್ಲ. ಪೋಸ್ಟ್‌ಮನ್ ಓದಿ ಹೇಳಿದ.

"ಅಪಾಯ ಇಲ್ಲ ಅಂತ ಬರೆದಿದ್ದಾರಾ?"

"ಬರೆದಿದ್ದಾರೆ."

"ಶಾಂತರಾಗಿರಿ ಅಂತಾನೂ?"

"ಅದನ್ನೂ ಬರೆದಿದ್ದಾರೆ ಅಜ್ಜಿ."

"ಮೊಹರು ಇದೆಯಾ?"

"ಇದೆ."

"ಮುಗೀತು," ಅಂದಳು ಅಜ್ಜಿ. "ನಾನು ಹಂದಿ ಬಿಚ್ಕೊಂಡು ಬರ್ತೀನಿ."

ನೀವು ನಗಬೇಡಿ. ನಾವು ಈ ದೇಶದಲ್ಲಿ ಹುಟ್ಟಿ ಬೆಳೆದವರು. ಸಕ್ಕರೆಗೆ ಕೊರತೆ ಇಲ್ಲ ಅಂತ ಪ್ರಕಟಣೆ ಅಂಟಿಸಿದ ವರ್ಷ ನಾನು ಜೇನು ಹಾಕಿ ಕಾಫಿ ಮಾರಿದ್ದೇನೆ. ನಿಮ್ಮ ಉಳಿತಾಯ ಭದ್ರವಾಗಿದೆ ಅಂದ ವಾರ ಬ್ಯಾಂಕಿನ ಬಾಗಿಲಿಗೆ ಬೀಗ ಬಿದ್ದಿತ್ತು. ಸರ್ಕಾರ ಸುಮ್ಮನಿದ್ದರೆ ನಾವೂ ಸುಮ್ಮನಿರುತ್ತೇವೆ. ಅದು ಇಲ್ಲ ಅಂದರೆ ಇದೆ ಅಂತಲೇ ನಮಗೆ ಅರ್ಥ. ಮೊಹರು ಬೇರೆ ಬಿತ್ತು ಅಂದರೆ ಬಾಗಿಲಿಗೇ ಬಂದಿದೆ ಅಂತ ಅರ್ಥ.

ಮಧ್ಯಾಹ್ನದ ಹೊತ್ತಿಗೆ ಚರ್ಚಿನ ಗುಡ್ಡದ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು. ಟ್ರಾಲಿಗಳ ಮೇಲೆ ಫ್ರಿಜ್ಜು, ಟೀವಿ, ಹಾಸಿಗೆ, ಹಾಸಿಗೆಯ ಮೇಲೆ ಮುದುಕರು. ಇಂಜಿನಿಯರು ರಸ್ತೆ ಮಧ್ಯ ನಿಂತು ಮೈಕಿನಲ್ಲಿ "ಅಪಾಯವಿಲ್ಲ! ಅಪಾಯವಿಲ್ಲ!" ಅಂತ ಕೂಗಿದರು. ಅವರು ಒಂದೊಂದು ಸಲ ಕೂಗಿದಾಗಲೂ ಟ್ರ್ಯಾಕ್ಟರಿನವರು ಒಂದೊಂದು ಗೇರು ಏರಿಸಿದರು. ಮದುವೆಗೆ ಅಂತ ವಿಯೆನ್ನಾದಿಂದ ಆಗ ತಾನೇ ಬಂದಿಳಿದ ಚೆದೊಮಿರ್, ಏನು ಎತ್ತ ಕೇಳದೆ ಜೀಪು ತಿರುಗಿಸಿ ಎಲ್ಲರಿಗಿಂತ ಮೊದಲು ಗುಡ್ಡದ ತುದಿ ಸೇರಿದ. ಸ್ಮಶಾನದ ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಅವನ ಮೆಟ್ಟಿಲು ಹೊರಗೆ ಬರಲಿಲ್ಲ ಅಂತ ಕೇಳಿದೆ.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಗುರುವಾರ ಸ್ರೆತೆನ್‌ನ ಮನೆಗೆ ಬೀಗರು ಬಂದರು. ಗಂಡಿನ ತಂದೆ ವಿದೊಯೆ, ಮಾತು ಕಡಿಮೆ, ಮೀಸೆ ಜಾಸ್ತಿ. ಕೊಟ್ಟ ಕಾಫಿ ಮುಟ್ಟಲಿಲ್ಲ.

"ನೋಡಿ ಬೀಗರೇ, ಊರಿನೋರೆಲ್ಲ ಬಿಟ್ಟುಹೋಗಿರೋ ಊರಿಗೆ ನಾನು ದಿಬ್ಬಣ ತರೋದಿಲ್ಲ. ಒಬ್ಬನೇ ಮಗ. ಅವನ್ನ ಹೊಳೆಗೆ ಕೊಟ್ಟು ಮನೆಗೆ ಹೋಗ್ಲಾ? ಮುಂದಿನ ವಸಂತಕ್ಕೆ ಇಟ್ಕೊಳ್ಳೋಣ."

ಮುಂದಕ್ಕೆ ಹಾಕಿದ ಮದುವೆ ನಮ್ಮಲ್ಲಿ ಅರ್ಧ ಮುರಿದ ಮದುವೆ. ಅದು ಎಲ್ಲರಿಗೂ ಗೊತ್ತು. ನೆವೆನಾ ಬಾಗಿಲ ಹತ್ತಿರ ನಿಂತಿದ್ದವಳು ಅಪ್ಪನ ಮುಂದೆ ಬಂದಳು.

"ಅಪ್ಪಾ, ನನಗೊಬ್ಬಳಿಗೆ ಹೇಳು. ನೀರು ಬರುತ್ತಾ?"

"ಇಲ್ಲ ಮಗಳೇ. ಪಟ್ಟಿಯಲ್ಲಿ ಮೊದಲನೇ ಗೆರೆ ಕೂಡ ಒದ್ದೆಯಾಗಿಲ್ಲ."

"ಮತ್ತೆ ಗಾಡಿ ಯಾಕೆ ಎತ್ತಿಸ್ದೆ?"

ಸ್ರೆತೆನ್ ಬಾಯಿ ತೆಗೆದ, ಮುಚ್ಚಿದ. ಬೀಗರು ಎದುರಿಗೇ ಕೂತಿದ್ದಾರೆ. ನೆವೆನಾ ಅವನ ಮುಖ ನೋಡಿ ನೋಡಿ ಅಳುವುದಕ್ಕೆ ಶುರುಮಾಡಿದಳು. ಸದ್ದಿಲ್ಲದ ಅಳು, ಕೆನ್ನೆಯ ಮೇಲೆ ನೀರು ಇಳಿಯುವುದಷ್ಟೇ ಕಾಣುತ್ತಿತ್ತು. ಎಷ್ಟೋ ವರ್ಷ ನೀರನ್ನೇ ನೋಡಿ ಬದುಕಿದ ಸ್ರೆತೆನ್‌ಗೆ ಅದನ್ನು ನೋಡಲಾಗಲಿಲ್ಲ.

"ಬನ್ನಿ ಬೀಗರೇ, ಗುಡ್ಡಕ್ಕೆ," ಅಂತ ಎದ್ದ. "ಎಲ್ಲರ ಮುಂದೇನೇ ಹೇಳ್ತೀನಿ."

ಚರ್ಚಿನ ಅಂಗಳದಲ್ಲಿ ಊರೆಲ್ಲ ಫ್ರಿಜ್ಜುಗಳ ನಡುವೆ ಬಿಡಾರ ಹೂಡಿತ್ತು. ಸ್ರೆತೆನ್ ಕ್ರೇಟು ಬೋರಲು ಹಾಕಿ ಹತ್ತಿ ನಿಂತ. ಟೋಪಿ ಕೈಯಲ್ಲಿ ಹಿಡಿದುಕೊಂಡು ಎಲ್ಲ ಹೇಳಿದ. ವಿಡಿಯೊ, ಗಾಜು, ಟೋಪಿಯ ನೆತ್ತಿ, ಡ್ರೈವರ್ ಇಲ್ಲದ ಗಾಡಿ. "ನನ್ನ ಮಗಳ ಮದುವೇಲಿ ನನ್ನ ಮುಖ ಕಾಣ್ಲಿ ಅಂತ ಎತ್ತಿಸ್ದೆ. ಅಷ್ಟೇ. ಇದರಲ್ಲಿ ಹೊಳೆ ಇಲ್ಲ, ಕಚೇರಿ ಇಲ್ಲ. ನಾನು ಗಿಡ್ಡ. ಅದೊಂದೇ ವಿಷಯ."

ಆಮೇಲೆ ಸ್ತಾಮೆನಾ ಅಜ್ಜಿ ಹಂದಿಯ ಹಗ್ಗ ಪಕ್ಕದವರ ಕೈಗೆ ಕೊಟ್ಟು ಮುಂದೆ ಬಂದಳು.

"ಮಗಾ, ಗಾಡಿ ಎತ್ತಿದ್ರೆ ನೀನು ಎಲ್ಲಿಗೆ ಹೋಗ್ತೀಯ?"

"ಮೇಲಕ್ಕೆ."

"ಗಾಡಿಯ ಗಾಜು?"

"ಅದೂ ಮೇಲಕ್ಕೆ."

"ಅಂದ್ಮೇಲೆ ಗಾಜಿನ ಹಿಂದೆ ನಿನ್ನ ತಲೆ ಎಲ್ಲಿರುತ್ತೆ?"

ಸ್ರೆತೆನ್ ಯೋಚಿಸಿದ. ತುಂಬ ಹೊತ್ತು ಯೋಚಿಸಿದ. ಮುಖ ನಿಧಾನವಾಗಿ ಅಜ್ಜಿಯ ಅಜ್ವರ್‌ನ ಬಣ್ಣಕ್ಕೆ ತಿರುಗಿತು.

"ಮೊದಲು ಎಲ್ಲಿತ್ತೋ ಅಲ್ಲೇ."

"ಒಂದು ದಿಂಬು ಹಾಕ್ಕೊಂಡು ಕೂತ್ಕೋಬಾರ್ದಿತ್ತೇನಪ್ಪಾ?"

ಸ್ಮಿಲ್ಯಾ ಹಣೆ ಹಣೆ ಚಚ್ಚಿಕೊಂಡಳು. "ಮನೇಲಿ ಹನ್ನೆರಡು ದಿಂಬಿದೆ! ಕೈ ಕಸೂತಿ ಹಾಕಿದ್ದು! ಒಂದು ಮಾತು ಕೇಳಿದ್ರೆ ಕೊಡ್ತಿರ್ಲಿಲ್ವಾ?"

ಸ್ರೆತೆನ್ ಷಡ್ಡಕನ ಕಡೆ ತಿರುಗಿದ. "ಚೆದೊಮಿರ್, ನೀನಾದ್ರೂ ಹೇಳು. ಆವತ್ತು ಹಾಗಂದೆ ತಾನೇ?"

"ನಾನಾ?" ಚೆದೊಮಿರ್ ತಲೆ ಕೆರೆದುಕೊಂಡ. "ಯಾವತ್ತು? ಕುಡಿದಿದ್ದೆ ಅನ್ಸುತ್ತೆ. ನನಗೆ ನೆನಪೇ ಇಲ್ವಲ್ಲ ಮಾರಾಯಾ."

ಅದಾದದ್ದೇ ತಡ, ಪೋಸ್ಟ್‌ಮನ್ ಕೈಯೆತ್ತಿದ. "ಸ್ವಾಮಿ, ನಾನು ಒಂದು ಮಾತು ಹೇಳ್ತೀನಿ. ಇಂಥ ದಡ್ಡ ಕೆಲಸ ಭೂಮಿ ಮೇಲೆ ಯಾವನೂ ಮಾಡಲ್ಲ. ಸ್ರೆತೆನ್ ಸರ್ಕಾರಿ ನೌಕರ. ಇದು ಕಚೇರಿಯೋರು ಕೂರಿಸ್ಕೊಂಡು ಹೇಳ್ಕೊಟ್ಟಿರೋ ಮಾತು."

"ಹೌದು ಹೌದು!" ಅಂದಿತು ಇಡೀ ಗುಡ್ಡ. "ಪಾಪ, ಬಲವಂತ ಮಾಡಿರ್ಬೇಕು," ಅಂದಳು ಬೇಕರಿಯವಳು ಕಣ್ಣೊರೆಸಿಕೊಳ್ಳುತ್ತ. ಬೀಗರು ಮೀಸೆ ತೀಡಿ, ವಸಂತವೇ ವಾಸಿ ಅನ್ನುವ ಹಾಗೆ ತಲೆಯಾಡಿಸಿದರು.

ಮಾನ ಬಿಟ್ಟು ನಿಜ ಹೇಳಿದವನಿಗೆ ಸಿಕ್ಕ ಮರ್ಯಾದೆ ಇದು. ಸ್ರೆತೆನ್ ಕ್ರೇಟಿನಿಂದ ಇಳಿದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. "ಮೇಸ್ತ್ರಿ ಎಲ್ಲಿ?" ಅಂತ ಗುಡುಗಿದ. ಗ್ವೊಜ್ದೆನ್ ಒಂದು ಫ್ರಿಜ್ಜಿನ ಹಿಂದಿನಿಂದ ಹೊರಗೆ ಬಂದ. "ಬಾ ಕೆಳಕ್ಕೆ. ಈಗಲೇ ಇಳಿಸು ಗಾಡಿ."

ನನ್ನ ಅಂಗಡಿಯ ಮುಂದೆ, ನಡು ಚೌಕದಲ್ಲಿ ಗಾಡಿ ನಿಲ್ಲಿಸಿದರು. ಮೇಲೆ ಗುಡ್ಡದ ಗೋಡೆಯ ಉದ್ದಕ್ಕೂ ಊರಿನವರ ತಲೆಗಳು. ಮೇಸ್ತ್ರಿ ಪ್ರದಕ್ಷಿಣೆ ಹಾಕಿದ, ಬಗ್ಗಿ ನೋಡಿದ, ಲೊಚಗುಟ್ಟಿದ. "ಇದನ್ನ ಎತ್ತಿದ ಕತ್ತೆ ಯಾವನು?" ಅಂದ. ಸ್ರೆತೆನ್ ಕೈಯಲ್ಲಿ ಸ್ಪಾನರ್ ಇರುವುದು ನೋಡಿ ಉತ್ತರಕ್ಕೆ ಕಾಯದೆ ಗಾಡಿಯ ಕೆಳಗೆ ನುಗ್ಗಿದ.

ಮುಂದಿನ ಒಂದು ಮೂಲೆಯ ಬಳೆ ಹೊರಬಿತ್ತು, ಗಾಡಿ ಒಂದು ಕಡೆ ತಗ್ಗಿತು. ಗುಡ್ಡದ ಮೇಲೆ ಗುಜುಗುಜು. ಎರಡನೆಯದು ಬಿದ್ದಾಗ ಬೇಕರಿಯವಳು ಒಲೆ ನೋಡಬೇಕು ಅಂತ ನೆಪ ಹೇಳಿ ಕೆಳಗಿಳಿದಳು. ಹಿಂದಿನವೆರಡೂ ತೆಗೆಯುವ ಹೊತ್ತಿಗೆ ಟ್ರ್ಯಾಕ್ಟರುಗಳು ಸದ್ದು ಮಾಡತೊಡಗಿದವು. ಗಾಡಿ ಮೊದಲಿನ ಹಾಗೆ ನೆಲಕ್ಕೆ ಅಂಟಿ ನಿಂತಾಗ ಫ್ರಿಜ್ಜುಗಳ ಮೆರವಣಿಗೆ ತಿರುಗಿ ಊರೊಳಗೆ ಬರುತ್ತಿತ್ತು. ಅಪಾಯ ಕಳೆಯಿತು ಅಂತ ಹೇಳಿದವರು ಯಾರೂ ಇಲ್ಲ. ಹೇಳುವ ಅಗತ್ಯ ಏನಿದೆ? ಕಾಗದ ಸುಳ್ಳು ಹೇಳುತ್ತದೆ, ಮೈಕು ಸುಳ್ಳು ಹೇಳುತ್ತದೆ, ನೀರಳೆಯುವವನ ಗಾಡಿ ಸುಳ್ಳು ಹೇಳುವುದಿಲ್ಲ.

"ಅವರೇ ಇಳಿಸಿದ್ಮೇಲೆ ಇನ್ನೇನು," ಅಂದರು ಬೀಗರು. ನನ್ನ ಅಂಗಡಿಯಲ್ಲಿ ಕೂತು ಎರಡು ಕಾಫಿ ಕುಡಿದರು. "ಶನಿವಾರ ಬರ್ತೀವಿ. ತುತ್ತೂರಿಯೋರಿಗೆ ಹೇಳಿಬಿಡಿ."

ಶನಿವಾರ ಬೆಳಿಗ್ಗೆ ಸ್ತಾಮೆನಾ ಅಜ್ಜಿ ತನ್ನ ಮದುವೆಯ ದಿಂಬನ್ನೇ ತಂದು ಡ್ರೈವರ್ ಸೀಟಿನ ಮೇಲಿಟ್ಟಳು. "ಮೂಗು ಮುರೀಬೇಡ, ಚಟ್ನಿ ಕಲೆ ತೊಳೆದಿದ್ದೀನಿ," ಅಂದಳು. ಸ್ರೆತೆನ್ ಅದರ ಮೇಲೆ ಕೂತ. ಪಕ್ಕದಲ್ಲಿ ಬಿಳಿ ಉಡುಪಿನ ನೆವೆನಾ. ಗಾಜಿನ ಹಿಂದೆ ಅವನ ಮುಖ ಪೂರ್ತಿಯಾಗಿ ಕಾಣಿಸಿತು, ಹಣೆ, ಮೂಗು, ಬಾಯಿ, ಕತ್ತು ಎಲ್ಲ. ಕಣ್ಣಿನಲ್ಲಿ ನೀರು ಇದ್ದುದೂ ಕಾಣಿಸಿತು. ಸಂತೋಷದಿಂದ ಅಳುತ್ತಿದ್ದ, ಮುಚ್ಚಿಕೊಳ್ಳಲೂ ಇಲ್ಲ.

ಚರ್ಚಿನಲ್ಲಿ ಮದುವೆ ಮುಗಿಸಿ ದಿಬ್ಬಣ ಕೆಳಗಿಳಿಯಿತು. ಹುಲ್ಲುಗಾವಲಿಗೆ ಇಳಿಜಾರು ಶುರುವಾಗುವ ತಿರುವಿನಲ್ಲಿ, ಯಾರೂ ಹೇಳದೆ, ಹಿಂದಿನ ಗಾಡಿಗಳೆಲ್ಲ, ನೀರಳೆಯುವವನು ಇಳಿಯುತ್ತಾನೋ ನೋಡೋಣ ಅನ್ನುವ ಹಾಗೆ, ಒಂದು ಗಳಿಗೆ ನಿಂತುಬಿಟ್ಟವು. ಚೆದೊಮಿರನ ಜೀಪು ಎಲ್ಲಕ್ಕಿಂತ ಹಿಂದೆ. ಸ್ರೆತೆನ್ ಕನ್ನಡಿಯಲ್ಲಿ ನೋಡಿದ. ಗೇರು ಬದಲಿಸಿ, ಮಗಳ ಕೈ ಒಮ್ಮೆ ಅದುಮಿ, ಸೀದಾ ಹೊಳೆಯ ದಂಡೆಗೆ ಇಳಿಸಿದ. ಆಗ ಅಷ್ಟೂ ಗಾಡಿಗಳೂ ಒಟ್ಟಿಗೆ ಹಾರನ್ ಬಾರಿಸಿ ಅವನ ಹಿಂದೆ ಇಳಿದವು. ಆ ಸದ್ದು ಎಷ್ಟಿತ್ತು ಅಂದರೆ ತುತ್ತೂರಿಯವರು ತಾವು ಇನ್ನೂ ಊದಿಲ್ಲ ಅಂತ ಗೊತ್ತಾಗದೆ ಸಂಭಾವನೆ ಕೇಳಿದರು.

ಊಟಕ್ಕೆ ಇಂಜಿನಿಯರ್ ಲಾಲಿಚ್ ಕೂಡ ಕೂತಿದ್ದರು. ಸ್ರೆತೆನ್‌ನ ಮೇಲೆ ಕ್ರಮ ಕೈಗೊಳ್ಳಬೇಕು ಅಂತ ಬಂದವರು ಸುಟ್ಟ ಕುರಿಮರಿಯ ವಾಸನೆಗೆ ಕೂತುಬಿಟ್ಟಿದ್ದರು. ನಾನು ರಾಕಿಯಾ ಬಡಿಸುತ್ತ ಅವರ ಬೆನ್ನ ಹಿಂದೆ ನಿಂತಿದ್ದೆ. ಮೂರನೇ ಲೋಟಕ್ಕೆ ಅವರು ಕುರ್ಚಿ ಎಳೆದುಕೊಂಡು ಸ್ರೆತೆನ್‌ನ ಕಿವಿಯ ಹತ್ತಿರ ಬಗ್ಗಿದರು.

"ಸ್ರೆತೆನ್, ಇದು ನಮ್ಮಿಬ್ಬರೊಳಗೆ ಇರ್ಲಿ. ನಮ್ಮನೆ ಪೇಟೇಲಿ ಹೊಳೇ ದಂಡೇಲೇ ಇರೋದು. ನೆಲಮಹಡಿ. ಹೋದ ತಿಂಗಳು ತಾನೆ ಮರದ ನೆಲ ಹಾಕಿಸಿದೀನಿ. ನೀನು ನಿಜ ಹೇಳು. ನಾನೂ ನನ್ನ ಗಾಡಿ ಎತ್ತಿಸ್ಲಾ?"

ಸ್ರೆತೆನ್ ಲೋಟ ಕೆಳಗಿಟ್ಟ. ಕುಣಿಯುತ್ತಿದ್ದ ಮಗಳನ್ನು ನೋಡಿದ, ಆಮೇಲೆ ಹೊಳೆಯನ್ನು ನೋಡಿದ. ಯಾರೋ ತನ್ನನ್ನು ಒಂದು ಮಾತು ಕೇಳಿದರಲ್ಲ ಅನ್ನುವ ಸಂತೋಷಕ್ಕೆ ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿದ.

"ಸದ್ಯಕ್ಕೆ ಬೇಡ ಸಾರ್," ಅಂದ.

ಪಕ್ಕದ ಮೇಜಿನಲ್ಲಿ ಸ್ತಾಮೆನಾ ಅಜ್ಜಿ ಕೈಯಲ್ಲಿದ್ದ ಮೂಳೆ ತಟ್ಟೆಗೆ ಹಾಕಿದಳು.

"ಸದ್ಯಕ್ಕೆ ಅಂದನಾ ಅವನು?"